ಆ ಚೀಟಿ ಒಯ್ದವನು ನಾನು

ಬಬಲೇಶ್ವರದ ಕಾಲೇಜಿನಲ್ಲಿ ಕಲಿಸುವ ಒಬ್ಬ ಮೇಡಂ ಬರೆಯುತ್ತಿದ್ದ ಪಿಎಚ್‌ಡಿ ಪ್ರಬಂಧದಲ್ಲಿ ಎರಡು ಸಾಲು ಸುಳ್ಳು ಸೇರಿಕೊಂಡಿತ್ತು. ಆ ಸುಳ್ಳು ಅವರದಲ್ಲ, ನನ್ನದು. ತೀರಿಹೋದ ನನ್ನ ಜೊತೆಗಾರನ ಮೇಲೆ ನಾನೇ ಅದನ್ನು ಹೊರಿಸಿದ್ದೆ. ತೆಗೆಸಲು ಏಳು ವಾರ ಹಿಡಿಯಿತು. ಒಂದು ಮಾತು ಹೇಳಲು ಏಳು ವಾರ ಯಾಕೆ ಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ನನ್ನ ಹೆಸರು ಬರೆದರೆ ನಮ್ಮ ಕಡೆಯ ಜನ ಅದನ್ನು ಹಿಡಿದುಕೊಂಡು ಒಬ್ಬ ಹೆಣ್ಣುಮಗಳ ಮನೆ ಬಾಗಿಲಿನ ತನಕ ಹೋಗುತ್ತಾರೆ. ಅದಕ್ಕೇ ಆಕೆಯ ಊರುಗಳನ್ನೂ ಬೇಕಂತಲೇ ಬದಲಿಸಿದ್ದೇನೆ. ಹೆಸರು ಮುಚ್ಚಿದ್ದರಿಂದ ನನಗೂ ಅನುಕೂಲವೇ ಆಗಿದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ನಾನು ಓದಿದ್ದು ಹತ್ತನೆಯ ತರಗತಿವರೆಗೆ. ವಿಜಯಪುರದ ಒಂದು ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸಿಪಾಯಿ, ಅಂದರೆ ಜವಾನ, ಆಗಿದ್ದೆ. ಟಿಕೋಟಾದಿಂದ ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುತ್ತಿದ್ದೆ. ಪುಸ್ತಕ ಒರೆಸುವುದು, ರ್ಯಾಕಿಗೆ ಹಚ್ಚುವುದು, ವಾರವಾರ ಬರುವ ತೀರ್ಪಿನ ಸಂಚಿಕೆಗಳನ್ನು ವರ್ಷದ ಕೊನೆಗೆ ಕೂಡಿಸಿ ರಟ್ಟು ಹಾಕಿ ಹೊಲಿಯುವುದು ನನ್ನ ಕೆಲಸ. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬರದಿದ್ದರೂ ಯಾವ ವಿಷಯ ಯಾವ ರ್ಯಾಕಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ವಕೀಲರೂ ನನ್ನನ್ನು ಕೇಳಿಯೇ ಒಳಗೆ ಹೋಗುತ್ತಿದ್ದರು. ಆ ಮಾತಿನ ಸೊಕ್ಕು ನನಗೆ ಇತ್ತು.

ಮೇಡಂ ನನ್ನನ್ನು ಹುಡುಕಿಕೊಂಡು ಟಿಕೋಟಾಕ್ಕೆ ಬಂದದ್ದು ಅದೇ ಕಾರಣಕ್ಕೆ. ಈ ಭಾಗದ ಹೆಣ್ಣುಮಕ್ಕಳು ಗಂಡನ ಮನೆಯ ತೊಂದರೆಗೆ ಕಾನೂನಿನ ಹತ್ತಿರ ಹೇಗೆ ಬಂದರು, ಯಾರು ದಾರಿ ತೋರಿಸಿದರು, ಯಾರು ತಡೆದರು ಎಂಬುದು ಅವರ ಸಂಶೋಧನೆ. ಹಳೆಯ ಸಂಪುಟಗಳನ್ನು ಕಾಲೇಜಿನವರು ಹಿಂದಿನ ಕೋಣೆಗೆ ಒಯ್ದು ಒಟ್ಟಿದ್ದರು. ಪಟ್ಟಿ ಯಾರ ಹತ್ತಿರವೂ ಇರಲಿಲ್ಲ. ಈಗಿನ ಗ್ರಂಥಪಾಲಕರು, "ಟಿಕೋಟಾದಾಗ ಒಬ್ಬ ಮುದುಕ ಅದಾನ್ರಿ, ಅವನ ತಲಿನ ಪಟ್ಟಿ" ಅಂದರಂತೆ.

ಹಾಗೆ ಶನಿವಾರಕ್ಕೊಮ್ಮೆ ನಾನು ವಿಜಯಪುರಕ್ಕೆ ಹೋಗತೊಡಗಿದೆ. ಮೊದಲ ವಾರ ಸೊಸೆ ಬುತ್ತಿ ಕಟ್ಟುತ್ತ ನಕ್ಕಳು: "ಮಾವಾರ, ಈ ಪಿಎಚ್‌ಡಿ ಆ ಬಾಯಾರದೋ ನಿಮ್ಮದೋ? ಬಿಳಿ ಅಂಗಿ ಹಾಕ್ಕೊಂಡು ಹೊಂಟೀರಲ್ಲ!"

"ಅವರ ಹೆಸರಿನ ಹಿಂದ ಡಾಕ್ಟರ್ ಬಂದ ದಿನ ನನ್ನ ಹೆಸರಿನ ಹಿಂದ ಕಂಪೌಂಡರ್ ಅಂತ ಹಚ್ಚು" ಅಂದೆ. ಆ ದಿನಗಳಲ್ಲಿ ನನಗೆ ನಗು ಬರುತ್ತಿತ್ತು.

ಮೇಡಂ ಮೊದಲು ಹುಡುಕಿದ್ದು 'ಹೆಂಗಸರು' ಎಂಬ ತಲೆಬರಹದ ಕೆಳಗೆ. ತೀರ್ಪುಗಳ ಸಾರವನ್ನು ವಿಷಯವಾರು ಜೋಡಿಸಿದ ದಪ್ಪ ಸಂಪುಟಗಳಿರುತ್ತವೆ, ಡೈಜೆಸ್ಟ್ ಅನ್ನುತ್ತಾರೆ. ಅದರಲ್ಲಿ ಹೆಂಗಸರು ಎಂಬ ಕಡೆ ಒಂದೆರಡು ಪುಟವೂ ಇರಲಿಲ್ಲ. ಅವರು ಸಪ್ಪಗಾದರು.

"ಅಲ್ಲಿ ಸಿಗಂಗಿಲ್ಲ ಮೇಡಮ್ಮಾರ. ಗಂಡ ಹೆಂಡತಿ ಅನ್ನೂ ಕಡೆ ನೋಡ್ರಿ, ಹಿಂದೂ ಕಾನೂನು ಅನ್ನೂ ಕಡೆ ನೋಡ್ರಿ. ಪೋಟಗಿ ಬೇಕಂದ್ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ತಗೀರಿ, ನೂರಾ ಇಪ್ಪತ್ತೈದನೇ ಕಲಂ."

"ಅಲ್ರಿ ಕಾಕಾ, ಹೆಣ್ಣುಮಕ್ಕಳ ಪೋಟಗಿ ಕಳ್ಳರ ಪುಸ್ತಕದಾಗ ಐತೇನ್ರಿ?"

"ಹೌದ್ರಿ. ಅದಕ್ಕ ಯಾರಿಗೂ ಸಿಗಂಗಿಲ್ಲ."

ಪೋಟಗಿ ಅಂದರೆ ಜೀವನಾಂಶ. ನಮ್ಮ ಕಡೆ ಹೆಣ್ಣುಮಕ್ಕಳು ಆ ಶಬ್ದವನ್ನೇ ಹೇಳುತ್ತಾರೆ. ಆದರೆ ಗ್ರಂಥಾಲಯದ ಯಾವ ಕಾರ್ಡಿನ ಮೇಲೂ ಆ ಶಬ್ದ ಇಲ್ಲ. ಈಗ ಹೊಸ ಸಂಹಿತೆ ಬಂದು ಕಲಂ ನಂಬರೂ ಬದಲಾಗಿ ನೂರಾ ನಲವತ್ನಾಲ್ಕು ಆಗಿದೆ. ಹಳೆಯ ತೀರ್ಪು ಬೇಕಾದರೆ ಹಳೆಯ ನಂಬರು, ಹೊಸದು ಬೇಕಾದರೆ ಎರಡೂ ನಂಬರು ಹಾಕಿ ಹುಡುಕಬೇಕು ಎಂದು ಮೇಡಂ ನನಗೆ ಕಲಿಸಿದರು. ಅವರ ಲ್ಯಾಪ್‌ಟಾಪಿನಲ್ಲಿ ನನ್ನ ಇಡೀ ಗ್ರಂಥಾಲಯದ ಹತ್ತುಪಟ್ಟು ತೀರ್ಪುಗಳು ಪುಕ್ಕಟೆ ಸಿಗುತ್ತಿದ್ದವು. ಬೇಕಾದ ಶಬ್ದ ಹೊಡೆದರೆ ಆ ಶಬ್ದ ಇರುವ ತೀರ್ಪು ಬಂದು ನಿಲ್ಲುತ್ತಿತ್ತು. ನೋಡಿ ನನಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆದರೆ ಅಲ್ಲೂ ಒಂದು ತೊಡಕು. ಕೋರ್ಟಿನ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಕೇಳುತ್ತದೆ. ನಮ್ಮ ಕಡೆ ಮದುವೆಯ ದಿನ ಎಷ್ಟೋ ಮನೆಗಳಲ್ಲಿ ಹುಡುಗಿಯ ಹೆಸರು ಬದಲಿಸುತ್ತಾರೆ. ತವರಿನವರು ಕರೆಯುವ ಹೆಸರು ಒಂದು, ಗಂಡನ ಮನೆಯಲ್ಲಿ ಇನ್ನೊಂದು. ಶಾಲೆಯ ದಾಖಲೆಯಲ್ಲಿ ಒಂದು, ಕೋರ್ಟಿನಲ್ಲಿ ಇನ್ನೊಂದು, ಅದರ ಮುಂದೆ 'ಕೋಂ' ಅಂತ ಬರೆದು ಗಂಡನ ಹೆಸರು. ಮೇಡಂ ಮೂರು ವಾರ ಹೆಸರುಗಳ ಬೆನ್ನು ಹತ್ತಿ ದಣಿದರು.

ಆಗ ನಾನೇ ಹೇಳಿದೆ. "ಹೆಸರು ಬಿಡ್ರಿ. ಊರು ಹಾಕ್ರಿ. ಹಳೇ ತೀರ್ಪಿನಾಗ ವಿಜಯಪುರ ಅಂತ ಇರಂಗಿಲ್ಲ, ಬಿಜಾಪುರ ಅಂತ ಹಾಕ್ರಿ. ಜೋಡಿಗೆ ನಿಮಗ ಬೇಕಾದ್ದು ಒಂದು ಶಬ್ದ ಕೂಡಿಸ್ರಿ."

ಅವರು ಬಿಜಾಪುರ ಎಂದು ಬರೆದು, ಪೋಟಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದನ್ನು ಬರೆದು, ಸುಮ್ಮನೆ ನೋಡೋಣವೆಂದು ಮುಂದೆ 'ಲೈಬ್ರರಿ' ಎಂದೂ ಬರೆದರು. ಒಂದೇ ತೀರ್ಪು ಬಂತು.

ಮೇಡಂ ಕುರ್ಚಿ ಮುಂದೆ ಎಳೆದುಕೊಂಡು ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. "ಕಾಕಾ, ನಮ್ಮ ಲೈಬ್ರರಿನ ರೀ ಇದು! ಒಬ್ಬ ಹೆಣ್ಣುಮಗಳು ತಾನ ಬಂದು ಕಾನೂನು ಹುಡುಕ್ಯಾಳ. ವಕೀಲ ಇಲ್ಲ, ಅಣ್ಣ ಇಲ್ಲ, ಒಬ್ಬಾಕೀನ ಬಂದಾಳ. ಇಷ್ಟ ದಿನ ಇಂಥಾದ್ದೊಂದು ಸಿಗಲಿ ಅಂತನ ಹುಡುಕಾಕತ್ತಿದ್ದೆ."

ನನಗೆ ಅಲ್ಲಿಯೇ ತಿಳಿಯಿತು. ಆದರೂ ಅವರು ಕನ್ನಡದಲ್ಲಿ ಹೇಳುವುದನ್ನು ಕೇಳುತ್ತ ಕೂತೆ. ಅದು ಗಂಡನ ಪರವಾಗಿ ಮುಗಿದ ಮೇಲ್ಮನವಿ. ಹೆಂಡತಿ ಮನೆಗೆ ಬಂದು ಸಂಸಾರ ಮಾಡಬೇಕು ಎಂದು ಗಂಡ ಮೊದಲೇ ದಾವೆ ಹಾಕಿದ್ದಾನೆ. ಅದರ ಹಿಂದೆ ಆಕೆ ಪೋಟಗಿಗೆ ಅರ್ಜಿ ಕೊಟ್ಟಿದ್ದಾಳೆ. ಹೊಡೆತ ತಾಳದೆ ಬಂದೆ ಎಂದು ಆಕೆ ಹೇಳಿದರೆ, ಹೊಡೆತ ಎಲ್ಲ ಕಟ್ಟುಕಥೆ, ಬಿಟ್ಟು ಹೋಗುವ ವಿಚಾರ ಮೊದಲೇ ಮಾಡಿದ್ದಳು, ಇದಕ್ಕೆ ಆಧಾರ ಇದೆ ಎಂದು ಗಂಡ ಒಂದು ಚೀಟಿ ಹಾಜರು ಮಾಡಿದ್ದಾನೆ. ಯಾವ ಸಂಪುಟದ ಯಾವ ಪುಟದಲ್ಲಿ ಪೋಟಗಿಯ ತೀರ್ಪು ಇದೆ ಎಂದು ಬರೆದ ಚೀಟಿ. ಗ್ರಂಥಾಲಯದ ಒಬ್ಬ ಸಿಪಾಯಿಯಿಂದ ಅದು ಆಕೆಯ ಮಾವನಿಗೆ ಸಿಕ್ಕಿತು ಎಂದು ತೀರ್ಪಿನಲ್ಲಿತ್ತು. ಆಕೆಯ ಅರ್ಜಿ ವಜಾ ಆಗಿತ್ತು.

ಮೇಡಂ ನನ್ನ ಕಡೆ ತಿರುಗಿದರು. "ಆಗ ಲೈಬ್ರರ್ಯಾಗ ಸಿಪಾಯಿಗಳು ಎಷ್ಟು ಮಂದಿ ಇದ್ರಿ ಕಾಕಾ?"

"ಇಬ್ಬರು. ನಾ ಒಬ್ಬ, ಅರಕೇರ್ಯಾಂವ ಒಬ್ಬ."

"ಹಂಗಾರ ಈ ಚೀಟಿ ಕೊಟ್ಟಾಂವ ಯಾರಿರಬೇಕ್ರಿ?"

ಅವರ ದನಿಯಲ್ಲಿ ಸಂಶಯ ಇರಲಿಲ್ಲ. ನನ್ನನ್ನು ಬಿಟ್ಟೇ ಕೇಳುತ್ತಿದ್ದರು. ಅದು ನನಗೆ ಅನುಕೂಲವಾಯಿತು.

"ಅಂವನ ಇರಬೇಕ್ರಿ. ಚೀಟಿ ಬರ್ಯೂ ಚಟ ಅಂವಗಿತ್ತು. ಈಗ ತೀರ್ಕೊಂಡಾನ, ಪಾಪ" ಅಂದೆ.

ಪಾಪ ಎಂದೂ ಕೂಡಿಸಿದೆ. ಮೇಡಂ ತಮ್ಮ ವಹಿಯಲ್ಲಿ ಬರೆದುಕೊಂಡರು.

ಇನ್ನು ನಡೆದದ್ದನ್ನು ಹೇಳುತ್ತೇನೆ.

ಅರಕೇರಿಯವನು ನನಗಿಂತ ಐದಾರು ವರ್ಷ ಚಿಕ್ಕವನು. ಮನೆಯಲ್ಲಿ ಬುದ್ಧನ ಫೋಟೋ ಇಟ್ಟವರು. ಪಿಯುಸಿ ಆಗಿತ್ತು, ಇಂಗ್ಲಿಷ್ ಓದುತ್ತಿದ್ದ. ನಾನು ಪುಸ್ತಕದ ಜಾಗ ಬಲ್ಲವನು, ಅವನು ಪುಸ್ತಕದ ಒಳಗೆ ಏನಿದೆ ಎಂದು ಬಲ್ಲವನು. ವಕೀಲರು ನಿಧಾನಕ್ಕೆ ನನ್ನನ್ನು ಬಿಟ್ಟು ಅವನನ್ನು ಕೇಳತೊಡಗಿದ್ದರು. ನನಗಿಂತ ಹಿಂದೆ ಬಂದವನು, ಅದರಲ್ಲೂ ದಲಿತರ ಓಣಿಯವನು, ನನ್ನ ಮುಂದೆ ಹೋಗುತ್ತಿದ್ದಾನೆ ಎಂದು ನನಗೆ ಅನಿಸುತ್ತಿತ್ತು. ಬಾಯಿ ಬಿಟ್ಟು ಎಂದೂ ಆಡಿಲ್ಲ. ಅವನ ಬುತ್ತಿಯ ಪಲ್ಯ ಬಡಿಸಿಕೊಂಡು ಉಣ್ಣುತ್ತಿದ್ದೆ. ಎರಡೂ ಒಟ್ಟಿಗೇ ನಡೆಯುತ್ತಿದ್ದವು.

ಆ ಹೆಣ್ಣುಮಗಳು ಗುರುವಾರ ಬರುತ್ತಿದ್ದಳು. ಗಂಡನ ಮನೆ ಹೊನವಾಡ, ತವರು ಬಿಜ್ಜರಗಿ ಎಂದು ಇಟ್ಟುಕೊಳ್ಳಿ. ವಿಜಯಪುರದಲ್ಲಿ ವಾರಕ್ಕೊಂದು ದಿನ ಹೊಲಿಗೆ ಕ್ಲಾಸು, ಅದಕ್ಕೆಂದು ಮನೆಯವರು ಕಳಿಸುತ್ತಿದ್ದರು. ಕ್ಲಾಸು ಮುಗಿಸಿ ಬಸ್ಸಿನ ಹೊತ್ತಿನವರೆಗೆ ನಮ್ಮಲ್ಲಿಗೆ ಬಂದು ನಿಲ್ಲುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ಮೊದಲ ದಿನ ನನ್ನನ್ನೇ ಕೇಳಿದಳು.

"ಯಣ್ಣಾ, ಪೋಟಗಿ ಪುಸ್ತಕ ಐತೇನ್ರಿ?"

"ಹಂಗನ್ನೂ ಪುಸ್ತಕ ಇಲ್ಲ ನಮ್ಮಲ್ಲಿ. ಇದು ಕಾಲೇಜ ಹುಡುಗೂರ ಲೈಬ್ರರಿ. ನಡಿ ನಡಿ" ಅಂದೆ.

ಅವನು ಒಳಗಿಂದ ಕೇಳಿಸಿಕೊಂಡು ಹೊರಗೆ ಬಂದ. "ಅಕ್ಕಾ, ಬರ್ರಿ, ಕುಂದರ್ರಿ. ಪುಸ್ತಕದ ಹೆಸರು ಬ್ಯಾರೆ ಇರ್ತೈತಿ" ಅಂದ. ಹಿಂದಿನ ರ್ಯಾಕಿನ ಮರೆಗೆ ಸ್ಟೂಲು ಹಾಕಿಕೊಟ್ಟ. ಹೊರಗಿನವರನ್ನು ಬಿಡಬಾರದು ಎಂಬ ನಿಯಮ ಇತ್ತು. ವಕೀಲರಿಗೆ, ಅವರ ಗುಮಾಸ್ತರಿಗೆ, ನನ್ನ ಪರಿಚಯದವರಿಗೆ ಆ ನಿಯಮ ಇರಲಿಲ್ಲ.

ನಾಲ್ಕು ಗುರುವಾರ ಆಕೆ ಬಂದಳು. ಅವನು ಇಂಗ್ಲಿಷ್ ತೀರ್ಪನ್ನು ಕನ್ನಡದಲ್ಲಿ ಹೇಳುವನು, ಆಕೆ ಬೆರಳು ಮಡಚಿ ಲೆಕ್ಕ ಹಾಕುತ್ತ ಕೇಳುವಳು. ಕಾಗದ ಮನೆಗೆ ಒಯ್ಯಲು ಆಕೆಗೆ ಹೆದರಿಕೆ. ಅದಕ್ಕೆ ಅವನು ಒಂದು ಉಪಾಯ ಮಾಡಿದ್ದ. ಬಿಡುವಾದಾಗ ಸಂಪುಟ ಹುಡುಕಿ, ಪುಟಗಳ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ಆ ಸಂಪುಟದ ಒಳಗೇ ಇಟ್ಟಿರುತ್ತಿದ್ದ. ಅವನು ಆ ದಿನ ಬ್ಯಾಂಕಿಗೋ ಅಂಚೆಗೋ ಹೋಗಿದ್ದರೂ ಆಕೆ ನೇರ ಹೋಗಿ ತೆಗೆದು ನೋಡಬಹುದು. ಈ ಏರ್ಪಾಡು ನನಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಅವನು ನನ್ನಿಂದ ಮುಚ್ಚಿಟ್ಟಿರಲಿಲ್ಲ.

ಒಂದು ಸಂಜೆ ಟಿಕೋಟಾ ದಾಟಿ ಹೊನವಾಡಕ್ಕೆ ಹೋಗುವ ಬಸ್ಸು ತುಂಬಿ ತುಳುಕುತ್ತಿತ್ತು. ನಿಂತಿದ್ದ ನನ್ನನ್ನು ಒಬ್ಬ ಹಿರಿಯರು ಕರೆದು, ತಾವು ಸರಿದು, ಪಕ್ಕದಲ್ಲಿ ಕೂರಿಸಿಕೊಂಡರು. ಆ ಹೆಣ್ಣುಮಗಳ ಮಾವ. ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ದಿನಾ ಒಂದೇ ಬಸ್ಸಿನವರಾದ್ದರಿಂದ ಮುಖ ಪರಿಚಯ ಇತ್ತು, ಆಕೆ ಅವರ ಸೊಸೆ ಎಂದೂ ಅದೇ ಬಸ್ಸಿನಲ್ಲಿ ನೋಡಿ ತಿಳಿದಿದ್ದೆ, ಅಷ್ಟೇ. ಅವರು ಪಕ್ಕಕ್ಕೆ ಕೂರಿಸಿಕೊಂಡದ್ದು ನನಗೆ ದೊಡ್ಡ ಮಾತಾಯಿತು. ಸುಮ್ಮನೆ ಕೂರಬಹುದಿತ್ತು. ದ್ರಾಕ್ಷಿ ಬೆಳೆಯ ಮಾತು ಆಡಬಹುದಿತ್ತು.

"ನಿಮ್ಮ ಸೊಸಿ ಶಾಣ್ಯಾ ಅದಾಳ ಬಿಡ್ರಿ" ಅಂದೆ.

"ಯಾಕ, ಎಲ್ಲಿ ಕಂಡ್ರಿ?"

"ನಮ್ಮ ಲೈಬ್ರರಿಗೆ ಬರ್ತಾಳಲ್ರಿ ಗುರುವಾರಕ್ಕೊಮ್ಮೆ."

ಅವರು ಮುಖದಲ್ಲಿ ಏನೂ ತೋರಿಸಲಿಲ್ಲ. "ಹೌದೇನು? ಏನ್ ಓದ್ತಾಳ?" ಎಂದು ಮೆಲ್ಲಗೆ ಕೇಳಿದರು.

ಇಲ್ಲಿಯ ತನಕ ಬಾಯಿ ತಪ್ಪಿ ಆಡಿದೆ ಎಂದು ಯಾರಾದರೂ ಹೇಳಬಹುದು. ನಾನೂ ಬಹಳ ವರ್ಷ ನನಗೆ ಹಾಗೇ ಹೇಳಿಕೊಂಡೆ. ಆದರೆ ಅವರು ಆ ಪ್ರಶ್ನೆ ಕೇಳಿದಾಗ ನನಗೆ ಎಲ್ಲ ಗೊತ್ತಿತ್ತು. ಆಕೆಯ ಕೈ ಮೇಲಿನ ಬಾವು ನಾನೂ ನೋಡಿದ್ದೆ. "ಪೋಟಗಿ ಕಾನೂನು ಕೇಳ್ತಾಳ್ರಿ. ನಮ್ಮಲ್ಲಿ ಒಬ್ಬಾಂವ ಹೇಳಿಕೊಡ್ತಾನ" ಅಂದೆ. ಟಿಕೋಟಾದಲ್ಲಿ ಇಳಿಯುವಾಗ ಅವರು ನನ್ನ ಭುಜದ ಮೇಲೆ ಕೈ ಇಟ್ಟು, "ಏನರ ಕಾಗದ ಇದ್ರ ತಂದು ತೋರಸ್ರಿ" ಅಂದರು.

ಮರುದಿನ ಸಂಜೆ ಬಾಗಿಲು ಹಾಕುವ ಮುನ್ನ ಹಿಂದಿನ ರ್ಯಾಕಿಗೆ ಹೋಗಿ ಆ ಸಂಪುಟ ತೆಗೆದೆ. ಚೀಟಿ ಇತ್ತು. ಅವನ ದುಂಡು ಅಕ್ಷರ. ಮಡಚಿ ಕಿಸೆಯಲ್ಲಿ ಇಟ್ಟುಕೊಂಡೆ, ಬಸ್ಸಿನಲ್ಲಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಒಳಗಿನ ಜೇಬಿಗೆ ಹಾಕಿದರು. ಆ ದಿನವೂ ಪಕ್ಕದಲ್ಲಿ ಕೂರಿಸಿಕೊಂಡರು. ಅವರಿಂದ ನಾನು ಪಡೆದದ್ದು ಅದೇ, ಎರಡು ದಿನ ಬಸ್ಸಿನಲ್ಲಿ ಜಾಗ.

ಮುಂದಿನ ಗುರುವಾರ ಆಕೆ ಬರಲಿಲ್ಲ. ಮುಂದೆ ಎಂದೂ ಬರಲಿಲ್ಲ. ಅವನು ಸಂಪುಟ ತೆಗೆದು ನೋಡಿ, "ಚೀಟಿ ಎಲ್ಲಿ ಹೋತಲೇ?" ಎಂದು ಕೇಳಿದ.

"ನೀ ಅಂಚೆಗೆ ಹೋದಾಗ ಬಂದಿದ್ಳು. ಆಕೀನ ಒಯ್ದಳು" ಅಂದೆ.

ಚೀಟಿ ಕೋರ್ಟಿಗೆ ಬಂತು. ಕಾಲೇಜಿಗೆ ಸುದ್ದಿ ಬಂತು. ಅಕ್ಷರ ಅವನದು, ಅವನು ಅಲ್ಲಗಳೆಯಲೂ ಇಲ್ಲ. ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದು ಕೇಳಿದಾಗ ನಾನು ನೆಲ ನೋಡುತ್ತ ನಿಂತೆ. ಹೊರಗಿನ ಹೆಂಗಸನ್ನು ಒಳಗೆ ಕೂರಿಸಿ ಮನೆ ಒಡೆಯುವ ಕೆಲಸ ಮಾಡಿದ ಎಂದು ಅವನನ್ನು ಹಾಸ್ಟೆಲ್ಲಿನ ನೀರಿನ ಪಂಪಿಗೆ ಹಾಕಿದರು. ಹದಿನೇಳು ವರ್ಷ ಅವನು ಅಲ್ಲಿಯೇ ಇದ್ದ. ಗ್ರಂಥಾಲಯದ ಮೆಟ್ಟಿಲು ಮತ್ತೆ ಹತ್ತಲಿಲ್ಲ, ಆ ತೀರ್ಪನ್ನು ಓದಲೂ ಇಲ್ಲ. ಮಧ್ಯಾಹ್ನ ನಾನೇ ಅವನಲ್ಲಿಗೆ ಬುತ್ತಿ ಒಯ್ದು ಜೊತೆಗೆ ಉಣ್ಣುತ್ತಿದ್ದೆ. "ಆಕಿ ಚೀಟಿ ಜ್ವಾಪಾನ ಮಾಡಬೇಕಿತ್ತಲೇ. ಮನಿಗೆ ಒಯ್ಯಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ" ಎಂದು ಆಗಾಗ ಅನ್ನುತ್ತಿದ್ದ. ನಾನು ರೊಟ್ಟಿ ಮುರಿಯುತ್ತಿದ್ದೆ. ಅವನು ತೀರಿದಾಗ ಅರಕೇರಿಗೆ ಹೋಗಿ ಹೆಗಲು ಕೊಟ್ಟೆ.

ಮೇಡಂ ಆ ತೀರ್ಪಿನ ಮೇಲೆ ಒಂದು ಇಡೀ ಅಧ್ಯಾಯ ಬರೆದರು. ಮುಂದಿನ ಶನಿವಾರಗಳಲ್ಲಿ ನಾನು ಸಂಪುಟ ಎತ್ತಿಕೊಟ್ಟೆ, ಧೂಳು ಜಾಡಿಸಿದೆ, ಬಾಯಿ ಬಿಡಲಿಲ್ಲ. ಪ್ರತಿ ಶನಿವಾರ ಬಸ್ಸು ಹತ್ತುವಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಮೇಡಂ "ಬರ್ರಿ ಕಾಕಾ" ಎಂದು ನಕ್ಕ ಕೂಡಲೇ, ಮುಂದಿನ ವಾರ ಅಂದುಕೊಳ್ಳುತ್ತಿದ್ದೆ. ಅವರ ನಗು ಹೋಗುತ್ತದೆ ಎಂಬುದೇ ನನ್ನ ಚಿಂತೆ. ಸತ್ತವನ ಚಿಂತೆ ಎರಡನೆಯದಾಗಿತ್ತು.

ನಾನು ಆ ಸುಳ್ಳು ಹೇಳಿದ ಮೇಲಿನ ಆರನೆಯ ವಾರ ಅವರು ಕರಡು ಓದಿ ಹೇಳಿದರು. ದಾರಿ ತೋರಿಸಿದ ಸಿಪಾಯಿಯೇ ಕೊನೆಗೆ ಊರಿನ ದೊಡ್ಡವರ ಕೈಗೆ ಆಕೆಯನ್ನು ಒಪ್ಪಿಸಿದ, ನೆರವಿನ ಕೈಯೇ ಕಾವಲಿನ ಕೈಯಾಯಿತು ಎಂದು ಬರೆದಿದ್ದರು. ಬರಹ ಚೆನ್ನಾಗಿತ್ತು. ನನ್ನ ಒಂದು ಸುಳ್ಳಿನ ಮೇಲೆ ಅಷ್ಟು ಚೆನ್ನಾಗಿ ಕಟ್ಟಿದ್ದರು.

"ಆದ್ರ ಕಾಕಾ, ಒಬ್ಬರ ಬಾಯಿ ಮಾತಿನ ಮ್ಯಾಲ ಸತ್ತವರ ಬಗ್ಗೆ ಇಷ್ಟ ಬರ್ಯೂದು ಸರಿ ಅಲ್ಲ. ಅವರ ಮನಿಯವ್ರನ್ನ ಕೇಳಬೇಕು. ಹಳೇ ವಹಿ, ಕಾಗದ ಏನರ ಇಟ್ಟಿರಬಹುದು. ನಿಮಗ ಪರಿಚಯ ಐತೆಲ್ಲ, ಬರ್ತೀರೇನು?"

ಬರುವುದಿಲ್ಲ ಎಂದರೆ ಅವರು ಒಬ್ಬರೇ ಹೋಗುತ್ತಿದ್ದರು. ಹೂಂ ಅಂದೆ.

ಅರಕೇರಿಯಲ್ಲಿ ಅವನ ಹೆಂಡತಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಸೆರಗು ಸರಿಪಡಿಸಿಕೊಂಡು ಎದ್ದಳು. "ಯವ್ವಾ, ಅಣ್ಣಾರು! ಇವತ್ತ ಸೂರ್ಯಾ ಯಾವ ಕಡಿ ಹುಟ್ಟ್ಯಾನಪ್ಪಾ! ಅಂವ್ರು ಹೋದಮ್ಯಾಲ ಈ ಕಡಿ ತಲೀನ ಹಾಕಿಲ್ಲ ನೀವು."

ಚಹಾ ಮಾಡಿದಳು. ಮೇಡಂ ಯಾಕೆ ಬಂದಿದ್ದಾರೆಂದು ತಿಳಿದು ಅವಳಿಗೆ ಹಿಗ್ಗಾಯಿತು. "ನಮ್ಮವರ ಬಗ್ಗೆ ಪುಸ್ತಕದಾಗ ಬರ್ತೈತೇನ್ರಿ? ನೋಡ್ರಿ, ಬಾಳ ಓದತಿದ್ರು ಅಂವ್ರು."

ಮೇಡಂ ಕಪ್ಪು ಕೆಳಗಿಟ್ಟರು. ಮುಚ್ಚುಮರೆ ಮಾಡಲಿಲ್ಲ. ಒಳ್ಳೆಯದೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ, ಅದಕ್ಕೇ ಕೇಳಲು ಬಂದೆ ಎಂದು ಹೇಳಿ, ಚೀಟಿಯ ವಿಷಯ ನಿಧಾನವಾಗಿ ತಿಳಿಸಿದರು.

ಅವಳು ತೊಗರಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಇಲ್ರಿ ಬಾಯಾರ. ಚೀಟಿ ಅಂವ್ರು ಕೊಟ್ಟಿಲ್ಲ. ಆ ಹುಡಿಗಿ ಕಳಕೊಂಡಾಳ. ಅಂವ್ರು ಸಾಯೂತನಕಾ ಅದನ್ನ ಹೇಳಕೋಂತ ಸತ್ತಾರ. ಅಣ್ಣಾರ, ನೀವರ ಹೇಳ್ರಿ. ನೀವು ಜೋಡಿಗಿದ್ದಾವ್ರು. ಹೇಳ್ರಿ ಇವರಿಗೆ."

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಅವಳ ಕಣ್ಣಲ್ಲಿ ನಂಬಿಕೆ ಇತ್ತು, ಅದೇ ನನ್ನನ್ನು ಹಿಡಿಯಿತು. ಇನ್ನೊಂದು ಸುಳ್ಳು ಸಿದ್ಧವಾಗಿ ನಾಲಿಗೆಯ ಮೇಲೆ ಬಂದಿತ್ತು. ಹುಡುಗಿಯೇ ಕಳೆದುಕೊಂಡಿರಬೇಕು, ನಾನೇ ತಪ್ಪು ತಿಳಿದಿದ್ದೆ ಎಂದು ಹೇಳಿದ್ದರೆ ಅಲ್ಲಿಗೆ ಎಲ್ಲರಿಗೂ ಸಮಾಧಾನ. ಅಪವಾದ ಇನ್ನೊಮ್ಮೆ ಆ ಹೆಣ್ಣುಮಗಳ ಮೇಲೆ ಹೋಗುತ್ತಿತ್ತು.

"ತಂಗಿ, ಚೀಟಿ ನಾ ಒಯ್ದಿದ್ದೆ" ಅಂದೆ. "ಪುಸ್ತಕದಾಗಿಂದ ತಗದು ಆಕಿ ಮಾವಗ ನಾನ ಕೊಟ್ಟೇನಿ. ಅಂವಗೂ ಸುಳ್ಳ ಹೇಳೇನಿ, ಈ ಮೇಡಮ್ಮಾರಿಗೂ ಸುಳ್ಳ ಹೇಳೇನಿ."

ಅವಳಿಗೆ ಮೊದಲು ತಿಳಿಯಲಿಲ್ಲ. ಮೇಡಂ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ನೀವಾ?"

"ನಾನ."

"ಹದಿನೇಳು ವರ್ಷ ಅಂವ್ರ ಜೋಡಿ ಕುಂತು ಉಂಡೀ ನೀನು."

ಅಲ್ಲಿಯ ತನಕ ಅಣ್ಣಾರ, ನೀವು ಅನ್ನುತ್ತಿದ್ದವಳು ಏಕವಚನಕ್ಕೆ ಬಂದಿದ್ದಳು.

"ಅಂವ್ರ ಹೆಣಕ್ಕ ಹೆಗಲ ಕೊಟ್ಟೀ. ಆಗರ ಕಿವ್ಯಾಗ ಹೇಳಬೇಕಿತ್ತಲ್ಲೋ. ಕೇಳದಿದ್ರೂ ಹೇಳಬೇಕಿತ್ತು."

ಅವಳು ಅಳಲಿಲ್ಲ. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನ ಕಪ್ಪಿನಲ್ಲಿ ಇನ್ನೂ ಅರ್ಧ ಇತ್ತು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾವೇ ಎದ್ದು ಬಂದೆವು.

ಬಸ್ ನಿಲ್ದಾಣದವರೆಗೆ ಮೇಡಂ ಮುಂದೆ ಮುಂದೆ ನಡೆದರು. ಅಲ್ಲಿ ನಿಂತಾಗ, "ಆ ತೀರ್ಪು ನಿಮ್ಮ ಉಪಾಯದಿಂದ ಸಿಕ್ಕಿತ್ತು. ಹುಡುಕಾಕ ಕಲಿಸಿಕೊಟ್ಟು, ಸಿಕ್ಕಮ್ಯಾಲ ಹಿಂಗ ಮಾಡೋದಾ?" ಅಂದರು. ವಹಿಯನ್ನು ಚೀಲಕ್ಕೆ ಹಾಕುತ್ತ, "ಬರದ ಕೊಡ್ರಿ. ನಿಮ್ಮ ಕೈಲೆ, ಪೂರ್ತಿ. ಅದು ಈಗ ಸಂಶೋಧನೆಯ ಆಧಾರ. ಬಸ್ಸಿನಾಗ ಸೀಟ ಕೊಟ್ಟಿದ್ದೂ ಬರೀರಿ" ಅಂದರು.

ಬರೆದುಕೊಟ್ಟೆ. ಮನೆಯಲ್ಲಿ ಬರೆಯುತ್ತ ಕೂತಾಗ ಸೊಸೆ ಒಮ್ಮೆ ಇಣುಕಿ ನೋಡಿದಳು, ಓದಿದಳು, ಒಳಗೆ ಹೋದಳು. ಮುಂದಿನ ಶನಿವಾರ ಬುತ್ತಿ ಕಟ್ಟಿಕೊಟ್ಟಳು, ನಗಲಿಲ್ಲ.

ಆ ಶನಿವಾರ ಮೇಡಂ ನನ್ನ ಕಾಗದ ತೆಗೆದುಕೊಂಡು ಪ್ರಶ್ನೆ ಹಾಕಿ ಹಾಕಿ ಕೇಳಿದರು. ಚೀಟಿಯಲ್ಲಿ ಎಷ್ಟು ಪುಟದ ನಂಬರು ಇದ್ದವು, ಯಾವ ರ್ಯಾಕು, ಆಕೆ ಎಲ್ಲಿ ಕೂರುತ್ತಿದ್ದಳು. ಮೊದಲಿನ ಹಾಗೆ ಕಾಕಾ ಎಂದೇ ಕರೆದರು, ಆದರೆ ಉತ್ತರವನ್ನೆಲ್ಲ ಸಂಪುಟ ತೆಗೆದು ತಾಳೆ ನೋಡಿದರು. ನನ್ನ ತಲೆಯ ಪಟ್ಟಿಯನ್ನು ಇನ್ನು ಯಾರೂ ಸುಮ್ಮನೆ ನಂಬುವುದಿಲ್ಲ.

ಕೊನೆಗೆ ನಾನು ಕೇಳಿದೆ. "ಮೇಡಮ್ಮಾರ, ಆ ಹೆಣ್ಣುಮಗಳು ಈಗ ಎಲ್ಲಿ ಅದಾಳ ಅಂತ ಹುಡುಕಿ ಕೊಡ್ರಿ. ನಾ ಹೋಗಿ ಕಾಲಿಗೆ ಬೀಳ್ತೇನಿ."

"ಹುಡುಕಿದ್ರ ಸಿಗಬಹುದು. ಆದ್ರ ಹುಡುಕಂಗಿಲ್ಲ ಕಾಕಾ."

"ಯಾಕ್ರಿ?"

"ಆಕಿ ಈಗ ಯಾವ ಮನ್ಯಾಗ ಅದಾಳೋ, ಯಾರಿಗೆ ಏನ ಹೇಳ್ಯಾಳೋ, ಯಾವ ಹೆಸರಿನಾಗ ಅದಾಳೋ. ನೀವು ಹೋಗಿ ಬಾಗಲದಾಗ ನಿಂತು ಅಳಾಕ ಹತ್ತಿದ್ರ ಓಣಿ ಎಲ್ಲಾ ಕೂಡ್ತೈತಿ. ಮತ್ತೊಮ್ಮೆ ಆಕಿ ವಿಷಯ ಊರ ಬಾಯಿಗೆ ಹಾಕಿದಂಗ. ನಿಮಗ ಹಗೂರ ಆಕ್ಕೈತಿ. ಆಕಿಗೆ?"

ಕಾಲಿಗೆ ಬೀಳುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೆ. ಅದರಲ್ಲಿ ಆಕೆ ಪ್ರತಿ ಸಲವೂ ಏಳು ಅಣ್ಣಾ ಅನ್ನುತ್ತಿದ್ದಳು. ಆಕೆ ಹಾಗೆ ಯಾಕೆ ಅನ್ನಬೇಕು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ತಿದ್ದಿದ ಪುಟವನ್ನು ಮೇಡಂ ಮುದ್ರಿಸಿ ಕೊಟ್ಟರು. ಅರಕೇರಿಗೆ ನೀವೇ ಒಯ್ದು ಕೊಡಬೇಕು ಅಂದರು. ಒಬ್ಬನೇ ಹೋದೆ. ಅವನ ಹೆಂಡತಿ ಕುಂದ್ರು ಅನ್ನಲಿಲ್ಲ. ಬಾಗಿಲಲ್ಲಿ ನಿಂತೇ, "ಓದು" ಅಂದಳು.

ನಿಂತು ಓದಿದೆ. ಇಂಗ್ಲಿಷಿನ ಕೆಳಗೆ ಮೇಡಂ ಕನ್ನಡದಲ್ಲಿ ಬರೆದಿದ್ದರು. ಒಬ್ಬ ಸಿಪಾಯಿ, ಹೊರಗಿನವಳಿಗೆ ಜಾಗವಿಲ್ಲದ ಕಡೆ ಸ್ಟೂಲು ಹಾಕಿಕೊಟ್ಟು, ತಿಳಿಯದ ಭಾಷೆಯ ತೀರ್ಪನ್ನು ತಿಳಿಯುವಂತೆ ಹೇಳಿ, ಹುಡುಕುವುದನ್ನು ಕಲಿಸಿದ. ಅದಕ್ಕಾಗಿ ಕೆಲಸದ ಜಾಗ ಕಳೆದುಕೊಂಡ. ಇನ್ನೊಬ್ಬ ಸಿಪಾಯಿ ಆ ಚೀಟಿಯನ್ನು ಕದ್ದು ಆಕೆಯ ಮಾವನಿಗೆ ಕೊಟ್ಟ. ಇದನ್ನು ಅವನೇ ಲಿಖಿತವಾಗಿ ಒಪ್ಪಿಕೊಂಡಿದ್ದಾನೆ. ನನ್ನ ಕಾಗದದಲ್ಲಿ ನಾನು 'ತೆಗೆದುಕೊಂಡು' ಎಂದು ಬರೆದಿದ್ದೆ. ಮೇಡಂ ಕದ್ದು ಎಂದು ಮಾಡಿದ್ದರು.

"ಮತ್ತೊಮ್ಮೆ ಓದು" ಅಂದಳು.

ಮತ್ತೊಮ್ಮೆ ಓದಿದೆ. ಹಿಂದಿನ ಮನೆಯ ಹೆಂಗಸೊಬ್ಬಳು ಬಂದು ನಿಂತಿದ್ದಳು, ಅವಳ ಮುಂದೆಯೇ ಓದಿದೆ. ಅವನ ಹೆಂಡತಿ ಕೈ ಚಾಚಿ ಹಾಳೆ ತೆಗೆದುಕೊಂಡಳು. ಓದಲು ಬಾರದಿದ್ದರೂ ಮೇಲಿಂದ ಕೆಳಗಿನ ತನಕ ಬೆರಳಾಡಿಸಿ ನೋಡಿದಳು.

"ಅಂವ್ರದು ಇದರಾಗ ಸರಿ ಆತು" ಅಂದಳು. "ಆದ್ರ ಅಂವ್ರು ಆ ಹುಡಿಗೀನ ಬೈಕೋಂತ ಹೋದ್ರಲ್ಲ. ಏನೂ ತಪ್ಪ ಮಾಡಲಾರದಾಕೀನ. ಅದನ್ನ ಯಾವ ಹಾಳ್ಯಾಗ ತಿದ್ದತಿ ನೀನು?"

ನಾನು ಚಪ್ಪಲಿ ಮೆಟ್ಟಿಕೊಂಡು ನಿಂತೇ ಇದ್ದೆ. ಅವಳು ಹಾಳೆ ಹಿಡಿದುಕೊಂಡು ಒಳಗೆ ಹೋಗಿ, ಮಗ ಸಂಜೆ ಕೆಲಸದಿಂದ ಬಂದ ಮೇಲೆ ಅವನ ಕೈಯಿಂದಲೂ ಓದಿಸಬೇಕು ಎಂದು ನೆರೆಯವಳಿಗೆ ಹೇಳುತ್ತಿದ್ದುದು ಕೇಳಿಸಿತು.